ಬೀದರಿನಿಂದ ಮಂಗಳೂರಿಗೆ: ರೊಟ್ಟಿ ಸಿಗುವ ದಾರಿ ಹಿಡಿದು

ಜನವರಿಯಲ್ಲಿ ಬೀದರಿನಿಂದ ಮಂಗಳೂರಿಗೆ ಸೈಕಲ್ ಮೇಲೆ ಹೊರಡುತ್ತಿದ್ದೇನೆ. ಒಬ್ಬಳೇ. ಕಲಬುರಗಿ, ಸಿಂದಗಿ, ವಿಜಯಪುರ, ಬಾದಾಮಿ, ಹುಬ್ಬಳ್ಳಿ, ಯಲ್ಲಾಪುರ, ಅಂಕೋಲಾ. ಅಲ್ಲಿಂದ ಕಡಲು ಹಿಡಿದು ಕೆಳಗೆ. ಸುಮಾರು 900 ಕಿಲೋಮೀಟರ್ ಆಗುತ್ತದೆ.

ವಿಷಯ ತಿಳಿದವರೆಲ್ಲ ಎರಡು ಪ್ರಶ್ನೆ ಕೇಳುತ್ತಾರೆ. ಒಬ್ಬಳೇ ಯಾಕೆ ಅನ್ನುವುದು ಒಂದು. ತಿನ್ನೋದೇನು ಅನ್ನುವುದು ಇನ್ನೊಂದು. ನಾನು ವೀಗನ್. ಹಾಲು, ಮೊಸರು, ಬೆಣ್ಣೆ, ತುಪ್ಪ, ಜೇನು ಯಾವುದೂ ಇಲ್ಲ. ನಮ್ಮವ್ವನಿಗೆ ಮಗಳು ಒಬ್ಬಳೇ ಹೋಗುವುದಕ್ಕಿಂತ ಇದರದ್ದೇ ಚಿಂತೆ ಜಾಸ್ತಿ. "ಮಜ್ಜಿಗಿ ಇಲ್ಲದ ಬಿಸಲಾಗ ಸೈಕಲ್ ಹೆಂಗ ಹೊಡಿತೀಯವಾ?" ಅಂತ ಧಾರವಾಡದಿಂದ ದಿನಾ ಫೋನು.

ಹಾಲು ಬಿಟ್ಟ ಕಾರಣ ಚಿಕ್ಕದು. ನಮ್ಮ ಅಜ್ಜನ ಮನೆಯಲ್ಲಿ ಎಮ್ಮೆ ಇದ್ದವು. ಹೆಣ್ಣು ಕರು ಹುಟ್ಟಿದರೆ ಸಾಕುತ್ತಿದ್ದರು. ಕೋಣಗರು ಹುಟ್ಟಿದರೆ ಕೆಲವು ತಿಂಗಳಲ್ಲಿ ಕೊಟ್ಟಿಗೆಯಲ್ಲಿ ಕಾಣುತ್ತಿರಲಿಲ್ಲ. ದೊಡ್ಡವಳಾದ ಮೇಲೆ ಅದರ ಲೆಕ್ಕ ಅರ್ಥವಾಯಿತು. ಕರುವಿಗೆ ಸೇರಬೇಕಾದ ಹಾಲು ನನಗೆ ಬೇಡ ಅನ್ನಿಸಿತು. ಇವತ್ತಿಗೂ ಹಾಗೇ ಅನ್ನಿಸುತ್ತದೆ.

ಸೈಕಲ್ ಪ್ರವಾಸದ ಯೋಜನೆ ಅಂದರೆ ಸಾಮಾನ್ಯವಾಗಿ ದಿನಕ್ಕೆ ಎಷ್ಟು ಕಿಲೋಮೀಟರ್ ಅಂತ ಶುರುವಾಗುತ್ತದೆ. ನಾನು ನಕ್ಷೆ ಹರಡಿಕೊಂಡು ಮೊದಲು ಖಾನಾವಳಿಗಳನ್ನು ಗುರುತು ಮಾಡಿದೆ. ಮಧ್ಯಾಹ್ನ ಒಂದು ಗಂಟೆಗೆ ಎಲ್ಲಿ ಜೋಳದ ರೊಟ್ಟಿ ಸಿಗುತ್ತದೋ ಅಲ್ಲಿಗೆ ಆ ದಿನದ ಮುಖ್ಯ ಸವಾರಿ ಮುಗಿಯಬೇಕು. ಕೆಲವು ದಿನ 40 ಕಿಲೋಮೀಟರ್ ಬರುತ್ತದೆ, ಕೆಲವು ದಿನ 75. ಬರಲಿ. ಹೊಟ್ಟೆ ತುಂಬಿದ್ದರೆ ಕಾಲು ತಾನಾಗಿ ತಿರುಗುತ್ತದೆ.

ಜನವರಿಯನ್ನೇ ಆರಿಸಿದ್ದಕ್ಕೂ ಊಟವೇ ಕಾರಣ. ಎಳ್ಳಮಾಸಿ (ಎಳ್ಳು ಅಮಾವಾಸ್ಯೆ) ಮತ್ತು ಬನದ ಹುಣ್ಣಿಮೆಯ ನಡುವಿನ ಹದಿನೈದು ದಿನ ಉತ್ತರ ಕರ್ನಾಟಕದ ಹೊಲ ನೋಡಬೇಕು. ಎಳ್ಳಮಾಸಿಗೆ ಬೀದರ್, ಕಲಬುರಗಿ ಕಡೆ ಮನೆಮಂದಿಯೆಲ್ಲ ಹೊಲಕ್ಕೆ ಹೋಗಿ ಚರಗ ಚೆಲ್ಲುತ್ತಾರೆ, ಅಂದರೆ ಭೂಮಿತಾಯಿಗೆ ನೈವೇದ್ಯ ಅಂತ ಅಡುಗೆಯನ್ನು ಹೊಲದಲ್ಲಿ ಎರಚುತ್ತಾರೆ. ಹಸಿ ಕಾಳು, ಸೊಪ್ಪು, ತರಕಾರಿ ಎಲ್ಲ ಸೇರಿಸಿ ಭಜ್ಜಿ ಮಾಡುತ್ತಾರೆ, ಜೊತೆಗೆ ಎಳ್ಳು ಹಚ್ಚಿದ ಸಜ್ಜೆ ರೊಟ್ಟಿ. ದಾರಿಯಲ್ಲಿ ಹೋಗುವವರನ್ನೂ ಕರೆದು ಕೂರಿಸುವ ಹಬ್ಬ ಅದು. ಅಂಬಲಿಯನ್ನು ಮಾತ್ರ ನಾನು ಬೇಡ ಅನ್ನಬೇಕು, ಅದಕ್ಕೆ ಮಜ್ಜಿಗೆ ಬೆರೆಸಿರುತ್ತಾರೆ. ಇದೇ ಹೊತ್ತಿಗೆ ವಿಜಯಪುರ, ಬಾಗಲಕೋಟೆ ಕಡೆ ಸೀತನಿ ಶುರು. ಎಳೆ ಜೋಳದ ತೆನೆಯನ್ನು ಕೆಂಡದಲ್ಲಿ ಸುಟ್ಟು, ಬಡಿದು ಕಾಳು ಉದುರಿಸಿ, ಬಿಸಿ ಇರುವಾಗಲೇ ಶೇಂಗಾ ಹಿಂಡಿ (ಚಟ್ನಿಪುಡಿ) ಜೊತೆ ತಿನ್ನುವುದು. ಅದಕ್ಕಿಂತ ಒಳ್ಳೆಯ ಸಂಜೆ ತಿಂಡಿ ಸೈಕಲ್ ಹೊಡೆಯುವವರಿಗೆ ಇಲ್ಲ.

ಬನದ ಹುಣ್ಣಿಮೆಗೆ ಬಾದಾಮಿಯ ಬನಶಂಕರಿ ಜಾತ್ರೆ. ಬನಶಂಕರಿ ಅಂದರೆ ಶಾಕಾಂಬರಿ, ಸೊಪ್ಪು ತರಕಾರಿಯ ದೇವಿ. ತೇರಿನ ಮುನ್ನಾದಿನ ಪಲ್ಲೇದ ಹಬ್ಬ, ದೇವಿಗೆ 108 ಬಗೆಯ ತರಕಾರಿ ಅಡುಗೆಯ ನೈವೇದ್ಯ. ನನ್ನಂಥವಳಿಗೆ ಇದಕ್ಕಿಂತ ದೊಡ್ಡ ಜಾತ್ರೆ ಯಾವುದಿದೆ ಹೇಳಿ! ಆ ದಿನಗಳಲ್ಲಿ ಲಾಡ್ಜು ಸಿಗುವುದು ಕಷ್ಟ, ರಸ್ತೆ ತುಂಬ ಚಕ್ಕಡಿ, ಟ್ರ್ಯಾಕ್ಟರ್. ಅದಕ್ಕೇ ಬಾದಾಮಿಯ ಕೋಣೆಯನ್ನು ಈಗಲೇ ಹೇಳಿಟ್ಟಿದ್ದೇನೆ, ಹಬ್ಬದ ಹಿಂದಿನ ದಿನ ತಲುಪುವ ಹಾಗೆ ಉಳಿದದ್ದನ್ನೆಲ್ಲ ಹೊಂದಿಸಿದ್ದೇನೆ. ಜಾತ್ರೆ ಇಲ್ಲದ ದಿನವೂ ಆ ಗುಡಿಯ ಹತ್ತಿರ ಹೆಂಗಸರು ಬುಟ್ಟಿಯಲ್ಲಿ ರೊಟ್ಟಿ, ಪಲ್ಯ, ಕೆಂಪು ಚಟ್ನಿ ತಂದು ಮಾರುತ್ತಾರೆ. ಮರದ ನೆರಳಲ್ಲಿ ಕೂತು, ಅಂಗೈ ಮೇಲೆ ರೊಟ್ಟಿ ಇಟ್ಟುಕೊಂಡು, ಅದರ ಮೇಲೇ ಪಲ್ಯ ಹಾಕಿಸಿಕೊಂಡು ಉಣ್ಣಬೇಕು.

ಖಾನಾವಳಿಯ ತಟ್ಟೆಯಲ್ಲಿ ನನಗೆ ಬಿಡುವಂಥದ್ದು ಏನಿದೆ ಅಂತ ಒಮ್ಮೆ ನೋಡಿ. ಜೋಳದ ರೊಟ್ಟಿ, ಎಣ್ಣೆಗಾಯಿ, ಮಡಕಿ ಕಾಳಿನ ಪಲ್ಯ, ಜುಣಕ, ಹಸಿ ಮೆಂತ್ಯ, ಉಳ್ಳಾಗಡ್ಡಿ, ಸೌತೆಕಾಯಿ, ಮೂರು ತರದ ಹಿಂಡಿ, ಅನ್ನ, ಸಾರು. ಬದಿಯಲ್ಲಿ ಒಂದು ಬಟ್ಟಲು ಮೊಸರು. ಆ ಬಟ್ಟಲೊಂದನ್ನು ತೆಗೆದರೆ ಮುಗಿಯಿತು. ಹೊರದೇಶದ ಸೈಕಲ್ ಸವಾರರು ಸೋಯಾ ಪುಡಿ, ಪ್ರೋಟೀನ್ ಬಾರು ಅಂತ ಚೀಲ ತುಂಬಿಕೊಳ್ಳುವುದನ್ನು ನೋಡುತ್ತೇನೆ. ಅವರ ದಾರಿಗೆ ಅದು ಬೇಕೇನೋ. ನಮ್ಮ ಎರೆಹೊಲದ ಜನ ತಲೆಮಾರುಗಳಿಂದ ಕಾಳು, ಜೋಳ, ಶೇಂಗಾ ತಿಂದೇ ಹೊಲ ಉತ್ತಿದ್ದಾರೆ.

ಕೇಳುವ ರೀತಿ ಮಾತ್ರ ಸರಿ ಇರಬೇಕು. ಹೋಟೆಲಿನಲ್ಲಿ 'ವೀಗನ್' ಅಂದರೆ 'ಪ್ಯೂರ್ ವೆಜ್ ಐತ್ರಿ' ಅಂತಾರೆ. ಬೇಡದ್ದನ್ನು ಒಂದೊಂದಾಗಿ ಹೆಸರು ಹಿಡಿದು ಹೇಳಬೇಕು. ಹೋದ ಸಲ ಊರಿಗೆ ಹೋದಾಗ ಹುಬ್ಬಳ್ಳಿಯ ಒಂದು ಖಾನಾವಳಿಯಲ್ಲಿ ಹೀಗಾಯಿತು:

"ಅಕ್ಕಾರ, ಮೊಸರು ಬ್ಯಾಡ್ರಿ, ತುಪ್ಪ ಬ್ಯಾಡ್ರಿ. ಹಿಂಡಿಗೆ ಎಣ್ಣಿ ಹಾಕ್ರಿ."

"ಯಾಕವಾ ತಂಗಿ, ಹೊಟ್ಟಿಗೆ ಆಗಂಗಿಲ್ಲೇನು?"

"ಆಗ್ತೈತ್ರಿ. ಆದ್ರ ನಾ ತಗೊಳ್ಳಂಗಿಲ್ಲ."

"ಹಂಗಾರ ಇನ್ನೊಂದು ರೊಟ್ಟಿ ತಗೋ."

ಅಷ್ಟೇ. ಯಾರೂ ವಾದಕ್ಕೆ ನಿಲ್ಲಲಿಲ್ಲ. ದೋಸೆಗೆ ಮಾತ್ರ ಹಂಚಿನ ಹತ್ತಿರವೇ ನಿಂತು ಎಣ್ಣೆ ಅಂತ ಹೇಳುವುದು ಕ್ಷೇಮ. ಪೊಟ್ಟಣದ ತಿಂಡಿಯ ಮೇಲೆ ಹಸಿರು ಚುಕ್ಕೆ ಇದ್ದರೆ ಸಾಲದು, ಹಾಲಿನ ಪುಡಿ ಇದ್ದರೂ ಆ ಚುಕ್ಕೆ ಇರುತ್ತದೆ. 2022ರ ನಿಯಮದ ಪ್ರಕಾರ ವೀಗನ್ ಆಹಾರಕ್ಕೆ 'ವಿ' ಅಕ್ಷರದ ಬೇರೆ ಹಸಿರು ಗುರುತು ಬಂದಿದೆ. ಆದರೆ ಹಳ್ಳಿ ಅಂಗಡಿಯಲ್ಲಿ ಅದನ್ನು ಹುಡುಕುತ್ತಾ ಕೂರುವ ಬದಲು ಬಾಳೆಹಣ್ಣು, ಹುರಿಗಡಲೆ, ಬೆಲ್ಲ ಕೊಳ್ಳುವುದು ಲೇಸು.

ಚೀಲದಲ್ಲಿ ಹೋಗುವುದು ಎರಡೇ ಮುಖ್ಯ ಸಾಮಾನು: ಖಟಕ್ ರೊಟ್ಟಿ ಮತ್ತು ಹಿಂಡಿ. ತೆಳ್ಳಗೆ ಬಡಿದು, ಬೇಯಿಸಿ, ಕಡಕ್ಕಾಗಿ ಒಣಗಿಸಿದ ರೊಟ್ಟಿ ವಾರಗಟ್ಟಲೆ ಕೆಡುವುದಿಲ್ಲ. ಅಖಂಡ ರೊಟ್ಟಿ ಒಯ್ದರೆ ರಸ್ತೆಯ ಮೊದಲ ಉಬ್ಬಿಗೇ ಪುಡಿ. ಹಾಗಾಗಿ ಮೊದಲೇ ನಾಲ್ಕು ತುಂಡು ಮಾಡಿ, ಹಳೆ ಧೋತರದ ಬಟ್ಟೆಯಲ್ಲಿ ಸುತ್ತಿ, ಸ್ಟೀಲ್ ಡಬ್ಬಿಗೆ ಒತ್ತಿ ತುಂಬುತ್ತೇನೆ. ಶೇಂಗಾ ಹಿಂಡಿಯನ್ನು ಅವ್ವನೇ ಕುಟ್ಟಿ ಕೊಡುತ್ತಾಳೆ. ಶೇಂಗಾವನ್ನು ಕಬ್ಬಿಣದ ಹಂಚಿನಲ್ಲಿ ಸಣ್ಣ ಉರಿಯಲ್ಲಿ ಹುರಿಯಬೇಕು, ಸಿಪ್ಪೆಯ ಮೇಲೆ ಕರಿ ಚುಕ್ಕೆ ಬರುವವರೆಗೆ. ಆರಿದ ಮೇಲೆ ಮೊರದಲ್ಲಿ ಉಜ್ಜಿ, ಸಿಪ್ಪೆ ಕೇರಿ ತೆಗೆದು, ಬೆಳ್ಳುಳ್ಳಿ, ಜೀರಿಗೆ, ಕೆಂಪು ಖಾರ, ಉಪ್ಪು ಹಾಕಿ ಒರಳಲ್ಲಿ ಕುಟ್ಟಬೇಕು. ಒನಕೆಗೆ ಪುಡಿ ಅಂಟತೊಡಗಿದರೆ ಎಣ್ಣೆ ಬಿಡುತ್ತಿದೆ ಅಂತ ಅರ್ಥ, ಅಲ್ಲಿಗೆ ನಿಲ್ಲಿಸಬೇಕು. ಮಿಕ್ಸಿಯಲ್ಲಿ ಆ ಹದ ಸಿಗುವುದಿಲ್ಲ. 100 ಗ್ರಾಂ ಶೇಂಗಾದಲ್ಲಿ ಸುಮಾರು 25 ಗ್ರಾಂ ಪ್ರೋಟೀನ್, 550ಕ್ಕೂ ಹೆಚ್ಚು ಕ್ಯಾಲೊರಿ ಇದೆ. ಜೊತೆಗೆ ಒಂದು ಸಣ್ಣ ಡಬ್ಬಿ ಅಗಸಿ ಹಿಂಡಿ, ಒಮೆಗಾ-3 ಕೊಬ್ಬಿಗಾಗಿ.

ಸಾಮಾನು ಹೇರಿಕೊಂಡು ಸಮಾಧಾನವಾಗಿ ತುಳಿದರೂ ಗಂಟೆಗೆ 400ರಿಂದ 500 ಕ್ಯಾಲೊರಿ ಖರ್ಚಾಗುತ್ತದೆ. ಆದ್ದರಿಂದ ಹಸಿವಾಗುವವರೆಗೆ ಕಾಯುವ ಹಾಗಿಲ್ಲ. ಗಂಟೆಗೆ 30ರಿಂದ 60 ಗ್ರಾಂ ಕಾರ್ಬೋಹೈಡ್ರೇಟ್ ಹೋಗುತ್ತಿರಬೇಕು. ಒಂದು ಬಾಳೆಹಣ್ಣು, ಒಂದು ಶೇಂಗಾ ಉಂಡೆ, ಅಷ್ಟಾದರೆ ನಡೆಯುತ್ತದೆ. ಅವ್ವನ ಮಜ್ಜಿಗೆ ಪ್ರಶ್ನೆಗೆ ಉತ್ತರ ನಿಂಬೆ ಶರಬತ್ತು, ಉಪ್ಪು ಜಾಸ್ತಿ ಹಾಕಿ. ಎಳನೀರಿನಲ್ಲಿ ಪೊಟ್ಯಾಶಿಯಂ ಚೆನ್ನಾಗಿದೆ, ಬೆವರಿನಲ್ಲಿ ಹೋಗುವ ಸೋಡಿಯಂ ಸಾಲದು. ಅದಕ್ಕೆ ಎಳನೀರು ಕುಡಿದಾಗಲೂ ಒಂದು ಚಿಟಿಕೆ ಉಪ್ಪು ನೆಕ್ಕುತ್ತೇನೆ. ಬಿ12 ಗುಳಿಗೆ ಮಾತ್ರ ತಪ್ಪಿಸುವಂತಿಲ್ಲ. ಅದು ಗಿಡದಿಂದ ಬರುವ ಊಟದಲ್ಲಿ ಸಿಗುವುದಿಲ್ಲ, ಇದರಲ್ಲಿ ಚೌಕಾಸಿ ಬೇಡ. ಊಟದ ಜೊತೆ ಚಹಾ ಕುಡಿದರೆ ಕಾಳು, ಸೊಪ್ಪಿನ ಕಬ್ಬಿಣ ಮೈಗೆ ಹತ್ತುವುದು ಕಡಿಮೆ. ಹಾಗಾಗಿ ಕರಿ ಚಹಾ ಊಟವಾಗಿ ಒಂದು ಗಂಟೆ ಬಿಟ್ಟು, ಊಟಕ್ಕೆ ನಿಂಬೆಹೋಳು.

ದಾರಿಯ ಉತ್ತರ ಭಾಗ ಬಯಲು. ಚಳಿಗಾಲದ ಗಾಳಿ ಹೆಚ್ಚಾಗಿ ಈಶಾನ್ಯದಿಂದ, ಅಂದರೆ ನನ್ನ ಬೆನ್ನಿಗೆ. ಮಂಗಳೂರಿನಿಂದ ಶುರು ಮಾಡದೆ ಬೀದರಿನಿಂದ ಇಳಿಯುತ್ತಿರುವುದು ಅದಕ್ಕೇ. ಕಟ್ಟಿಸಂಗಾವಿಯಲ್ಲಿ ಭೀಮಾ ದಾಟಿ ಜೇವರ್ಗಿ, ಮುಂದೆ ಕೋಲ್ಹಾರದ ಉದ್ದ ಸೇತುವೆ ಮೇಲೆ ಕೃಷ್ಣೆ. ಕೋಲ್ಹಾರ ಮಣ್ಣಿನ ಗಡಿಗೆಯ ಮೊಸರಿಗೆ ಹೆಸರಾದ ಊರು. ಅಲ್ಲಿ ನಿಲ್ಲುವುದು ಸೇತುವೆಗಾಗಿ, ನೀರಿನ ಮೇಲಿನ ಬೆಳಗಿನ ಬೆಳಕಿಗಾಗಿ.

ಯಲ್ಲಾಪುರದ ಕಡೆ ಆಗ ಆಲೆಮನೆ ಕಾಲ. ಕಬ್ಬಿನ ಹಾಲು, ಜೋನಿಬೆಲ್ಲ. ಅರಬೈಲ್ ಘಟ್ಟ ಇಳಿಯುವ ಮುನ್ನ ಒಂದು ದಿನ ಅಲ್ಲೇ ವಿಶ್ರಾಂತಿ. ಘಟ್ಟದಲ್ಲಿ ಲಾರಿಗಳ ಓಡಾಟ ಜೋರು, ಬೆಳಿಗ್ಗೆ ಬೇಗ ಇಳಿಯಬೇಕು, ಬ್ರೇಕ್ ಪ್ಯಾಡ್ ಹೊಸದಾಗಿರಬೇಕು.

ಕರಾವಳಿಯಲ್ಲಿ ಊಟದ ಲೆಕ್ಕವೇ ಬದಲಾಗುತ್ತದೆ. ತೆಂಗಿನಕಾಯಿಯೇ ಹಾಲಿನ ಜಾಗ ಹಿಡಿದಿರುವ ಸೀಮೆ ಅದು. ನೀರುದೋಸೆ, ಕುಚ್ಚಲಕ್ಕಿ ಗಂಜಿ ಉಪ್ಪಿನಕಾಯಿ, ಮೂಡೆ, ಪುನರ್ಪುಳಿ ಶರಬತ್ತು ಎಲ್ಲ ನಡೆಯುತ್ತದೆ. ಗೋಳಿಬಜೆ, ಬನ್ಸ್, ತಂಬುಳಿ ನಡೆಯುವುದಿಲ್ಲ, ಮೂರಕ್ಕೂ ಮೊಸರು ಬೀಳುತ್ತದೆ. ಬಿಸಿ ಗಂಜಿಗೆ ಮಾವಿನಮಿಡಿ ಉಪ್ಪಿನಕಾಯಿ ಸಿಕ್ಕರೆ ಹೆದ್ದಾರಿ 66ರ ಸದ್ದೂ ಸಹ್ಯವಾಗುತ್ತದೆ.

ಸೀಟಿನ ಬಗ್ಗೆ ಒಂದು ಮಾತು. ದೂರದ ಸವಾರರಿಗೆ ಚರ್ಮದ ಸೀಟೆಂದರೆ ಪ್ರಾಣ. ತಿಂಗಳುಗಟ್ಟಲೆ ಕೂತರೆ ಅದು ನಮ್ಮ ಮೈಗೆ ಒಗ್ಗುತ್ತದೆ, ನಿಜ. ತಟ್ಟೆಯಲ್ಲಿ ಬೇಡ ಅಂದದ್ದನ್ನು ಸೀಟಿನಲ್ಲಿ ಒಪ್ಪಲು ನನಗೆ ಮನಸ್ಸಿಲ್ಲ. ಚರ್ಮದ ಸೀಟಿಗೇ ಹೆಸರಾದ ಬ್ರೂಕ್ಸ್ ಕಂಪನಿ ರಬ್ಬರ್, ಹತ್ತಿ ಬಟ್ಟೆಯ ಕೇಂಬಿಯಂ ಸೀಟು ಮಾಡುತ್ತದೆ. ಬೆಲೆ ಕೈ ಕಚ್ಚುತ್ತದೆ, ಆದರೂ ಅದನ್ನೇ ಕೊಂಡೆ. ಹ್ಯಾಂಡಲ್ ಟೇಪು ಬಟ್ಟೆಯದ್ದು. ಉಳಿದಂತೆ ಎರಡು ಹೆಚ್ಚುವರಿ ಟ್ಯೂಬು, ಪಂಕ್ಚರ್ ಸಾಮಾನು, ಚೈನ್ ಕೊಂಡಿ, ನಾಲ್ಕು ಸ್ಪೋಕು. ನನ್ನ ಚಕ್ರದ ಅಳತೆಯ ಟ್ಯೂಬು ಸಣ್ಣ ಊರಿನ ಸೈಕಲ್ ಅಂಗಡಿಯಲ್ಲಿ ಸಿಗುವುದಿಲ್ಲ.

ಒಬ್ಬಳೇ ಹೋಗುವ ಬಗ್ಗೆ ನಿಯಮ ಕಡಿಮೆ, ಆದರೆ ಗಟ್ಟಿ. ಬೆಳಕು ಹರಿದ ಮೇಲೆ ಹೊರಡುವುದು, ಕತ್ತಲಾಗುವ ಮುನ್ನ ಬಾಗಿಲು ಹಾಕಿಕೊಳ್ಳುವುದು. ಕೋಣೆಗಳನ್ನು ಮೊದಲೇ ಹೇಳಿಡುವುದು. ಫೋನಿನ ಲೊಕೇಶನ್ ಅಣ್ಣನಿಗೆ ಕಾಣುವ ಹಾಗಿಡುವುದು. ಜೊತೆಗೆ ಯಾರನ್ನಾದರೂ ಕರೆದುಕೋ ಅಂತಾರೆ. ಜೊತೆ ಇದ್ದರೆ ನಾವು ನಾವೇ ಮಾತಾಡಿಕೊಳ್ಳುತ್ತೇವೆ. ಒಬ್ಬಳೇ ಇದ್ದರೆ ರೊಟ್ಟಿ ಬಡಿಯುವ ಅಕ್ಕ, ಸೀತನಿ ಸುಡುವ ಅಜ್ಜ ತಾವಾಗಿ ಮಾತಿಗೆ ಬರುತ್ತಾರೆ. ನನಗೆ ಆ ಮಾತು ಬೇಕು.

ಇನ್ನು ಒಂದು ಕಡೆ ಮಾತ್ರ ನಕ್ಷೆ ಖಾಲಿ ಇದೆ. ಜೇವರ್ಗಿಯಿಂದ ಸಿಂದಗಿಗೆ ಸುಮಾರು 60 ಕಿಲೋಮೀಟರ್, ನಡುವೆ ಮಧ್ಯಾಹ್ನದ ಊಟಕ್ಕೆ ನಂಬುವಂಥ ಜಾಗ ಇನ್ನೂ ಸಿಕ್ಕಿಲ್ಲ. ಆ ಕಡೆಯವರು ಯಾರಾದರೂ ಇದ್ದರೆ ಹೇಳಿ. ದೊಡ್ಡ ಹೋಟೆಲ್ಲೇ ಆಗಬೇಕಿಲ್ಲ. ಬಿಸಿ ರೊಟ್ಟಿ, ಒಂದು ಕಾಳು ಪಲ್ಯ, ಸೈಕಲ್ ನಿಲ್ಲಿಸಲು ಒಂದು ಬೇವಿನ ಮರ ಇದ್ದರೆ ಸಾಕು.