ಎರೆ ಹೊಲದಲ್ಲಿ ಮನೆ ಕಟ್ಟೋರಿಗೆ

ನಮ್ಮ ಮಣ್ಣು ಪರೀಕ್ಷೆ ಲ್ಯಾಬಿಗೆ ಬರುವವರು ಮೊದಲು ಕೇಳುವುದು ಸರಳಿನ ಬಗ್ಗೆ. "ಮೇಡಂ, ಕಾಲಮ್ಮಿಗೆ 12 ಎಂಎಂ ಸಾಕಾ, 16 ಹಾಕಿಸಬೇಕಾ?" ನಾನು ಕೇಳುವುದೇ ಬೇರೆ. ಬಚ್ಚಲ ನೀರು ಎಲ್ಲಿಗೆ ಹೋಗುತ್ತದೆ? ಸಂಪ್ ಎಲ್ಲಿ ತೋಡಿಸುತ್ತೀರಿ? ಗೋಡೆ ಪಕ್ಕ ಬೇವಿನ ಮರ ಇದೆಯಾ? ಇವಳೇನು ವಾಸ್ತು ನೋಡ್ತಾಳಾ ಅಂತ ಕೆಲವರು ಮುಖ ನೋಡುತ್ತಾರೆ.

ನಮ್ಮ ಗದಗ, ನರಗುಂದ, ನವಲಗುಂದ ಕಡೆ ಹಿರಿಯರು ಮನೆ ಕಟ್ಟಲು ಸಾಧ್ಯವಾದಷ್ಟು ಗರಸು (ಸಣ್ಣ ಕಲ್ಲು ಬೆರೆತ ಗಟ್ಟಿ ಮಣ್ಣು) ದಿಬ್ಬ ಹುಡುಕುತ್ತಿದ್ದರು. ಎರೆ ಭೂಮಿ, ಅಂದರೆ ಕಪ್ಪು ಮಣ್ಣಿನ ನೆಲ, ಇದ್ದದ್ದು ಜೋಳ, ಕಡಲೆ, ಹತ್ತಿಗೆ. ಈಗ ಹಾಗಿಲ್ಲ. ಹೊಲ ಎನ್ಎ (ಕೃಷಿಯೇತರ ಜಮೀನು) ಆಗುತ್ತದೆ, ಕಲ್ಲು ನೆಡುತ್ತಾರೆ, 30-40 ಸೈಟು ಮಾರಾಟಕ್ಕೆ ಬರುತ್ತದೆ. ಕೊಂಡವರಿಗೆ ಕೆಳಗಿನ ಮಣ್ಣು ಯಾವುದು ಅಂತ ಗೊತ್ತಾಗುವುದು ಮನೆ ಬಿರುಕು ಬಿಟ್ಟ ಮೇಲೆ.

ಎರೆ ಮಣ್ಣಿಗೆ ಬಲ ಇಲ್ಲ ಅಂತ ಎಲ್ಲರೂ ಅಂದುಕೊಂಡಿದ್ದಾರೆ. ಬೇಸಿಗೆಯಲ್ಲಿ ಒಮ್ಮೆ ಗುದ್ದಲಿ ಹಾಕಿ ನೋಡಿ, ಕಿಡಿ ಹಾರುವಷ್ಟು ಗಟ್ಟಿ. ತೊಂದರೆ ಇರುವುದು ನೀರಿನಲ್ಲಿ. ಇದರೊಳಗೆ ಮಾಂಟ್‌ಮೊರಿಲೊನೈಟ್ ಅನ್ನುವ ಜೇಡಿ ಇದೆ. ಅದರ ತೆಳ್ಳನೆಯ ಪದರಗಳ ನಡುವೆ ನೀರು ನುಗ್ಗಿದರೆ ಮಣ್ಣು ಉಬ್ಬುತ್ತದೆ, ನೀರು ಆರಿದರೆ ಕುಗ್ಗಿ ಸೀಳುತ್ತದೆ.

ಎಷ್ಟು ಉಬ್ಬುತ್ತದೆ ಅಂತ ನೋಡುವ ಪರೀಕ್ಷೆ ಸುಮ್ನೆ ಕೂತು ನೋಡುವಷ್ಟು ಸುಲಭ. ಒಣಗಿಸಿ, ಪುಡಿ ಮಾಡಿ, 425 ಮೈಕ್ರಾನ್ ಜರಡಿ ಹಿಡಿದ ಮಣ್ಣು ತಲಾ 10 ಗ್ರಾಂ. 100 ಮಿಲಿಯ ಎರಡು ಗಾಜಿನ ಜಾಡಿ. ಒಂದರಲ್ಲಿ ಡಿಸ್ಟಿಲ್ಡ್ ನೀರು, ಇನ್ನೊಂದರಲ್ಲಿ ಚಿಮಣಿ ಎಣ್ಣೆ. ಎಣ್ಣೆಗೆ ಈ ಜೇಡಿ ಉಬ್ಬುವುದಿಲ್ಲ. ಅದಕ್ಕೇ ಅದು ಬೇಕು. (ಈಗ ಚಿಮಣಿ ಎಣ್ಣೆ ಹುಡುಕುವುದೇ ಲ್ಯಾಬಿನ ದೊಡ್ಡ ಕೆಲಸ.) 24 ಗಂಟೆ ಬಿಟ್ಟು ನೋಡಿದರೆ ಎಣ್ಣೆಯಲ್ಲಿ ಮಣ್ಣು 10 ಮಿಲಿ ಗೆರೆಯಲ್ಲಿ ಕೂತಿರುತ್ತದೆ. ನೀರಿನ ಜಾಡಿಯಲ್ಲಿ ಅದೇ ಮಣ್ಣು ಹಿಂಜಿದ ಹತ್ತಿಯಂತೆ 19ಕ್ಕೆ ಏರಿರುತ್ತದೆ. ಅಂದರೆ ಉಬ್ಬು ಶೇ. 90. ಶೇ. 50 ದಾಟಿದರೇ ನಾವು ಎಚ್ಚರಿಕೆ ಬರೆಯುತ್ತೇವೆ. ಎರಡೂ ಜಾಡಿ ತೋರಿಸಿದ ಮೇಲೆ ಸರಳಿನ ಪ್ರಶ್ನೆ ತಾನಾಗಿ ನಿಲ್ಲುತ್ತದೆ.

ಇನ್ನೊಂದು ವಿಷಯ ಜನ ನಂಬುವುದಿಲ್ಲ. ಇಲ್ಲಿ ಪೆಟ್ಟು ಜಾಸ್ತಿ ಬೀಳುವುದು ಹಗುರ ಕಟ್ಟಡಕ್ಕೆ. ಕೆಟ್ಟ ಎರೆ ಮಣ್ಣು ಚದರ ಮೀಟರಿಗೆ 10 ಟನ್ನಿಗೂ ಮೀರಿ ಮೇಲಕ್ಕೆ ಒತ್ತಬಲ್ಲದು. ಒಂದಂತಸ್ತಿನ ಮನೆ, ಕಾಂಪೌಂಡು, ಬರೀ ನೆಲದ ಟೈಲ್ಸು, ಇವು ಅದನ್ನು ಒತ್ತಿ ಹಿಡಿಯುವುದಿಲ್ಲ. "ಮಣ್ಣು ಕೆಟ್ಟದ್ದು, ಪಾಯ ಅಗಲ ಮಾಡೋಣ" ಅಂತ ಗೌಂಡಿ ಹೇಳಿದರೆ ಅದು ಉಲ್ಟಾ ಮದ್ದು. ಅಗಲವಾದಷ್ಟೂ ಒತ್ತಡ ಹಂಚಿಹೋಗಿ ಮಣ್ಣಿಗೆ ಎತ್ತಲು ಇನ್ನೂ ಸಲೀಸು.

ಹೋದ ಮಳೆಗಾಲದಲ್ಲಿ ಒಂದು ಮನೆ ನೋಡಲು ಹೋಗಿದ್ದೆ. ಹಿಂದಿನ ಕೋಣೆಯ ಬಾಗಿಲು ಟೈಲ್ಸ್ ಮೇಲೆ ಅರ್ಧಚಂದ್ರ ಗೀಚಿತ್ತು. ಕಿಟಕಿಯ ಮೂಲೆಯಿಂದ ಓರೆಯಾಗಿ ಬಿರುಕು, ಒಳಗೆ ನಾಣ್ಯ ಹೋಗುವಷ್ಟು. ಮುಂದಿನ ಕೋಣೆಗಳಿಗೆ ಏನೂ ಆಗಿರಲಿಲ್ಲ. ಹೊರಗೆ ಹೋಗಿ ಬಚ್ಚಲ ಚೇಂಬರಿನ ಪಕ್ಕ ಅಗೆಸಿದೆವು. ಪೈಪಿನ ಜೋಡಣೆ ಸೋರುತ್ತಿತ್ತು. ಆ ಒಂದು ಮೂಲೆಗೆ ಮಾತ್ರ ದಿನಾ ನೀರು ಕುಡಿಸಿ ಎತ್ತಿಸಿದ್ದರು ಅಷ್ಟೇ. ಸಿಮೆಂಟಿನಲ್ಲಿ, ಸರಳಿನಲ್ಲಿ ಕಳಪೆ ಏನೂ ಇರಲಿಲ್ಲ.

ಇನ್ನು ಮದ್ದು. ಇದಕ್ಕೆ ಸಂಬಂಧಪಟ್ಟ ದೊಡ್ಡ ಕೆಲಸ ನಮ್ಮ ಸೀಮೆಯಲ್ಲೇ ಆಗಿದೆ. ಮಲಪ್ರಭಾ ಬಲದಂಡೆ ಕಾಲುವೆ ಎರೆ ನೆಲದಲ್ಲಿ ಹಾಯುತ್ತದೆ. ಉಬ್ಬುವ ನೆಲದಲ್ಲಿ ಕಾಲುವೆಯ ಲೈನಿಂಗ್ (ಒಳಮೈಗೆ ಹಾಕಿದ ಗಟ್ಟಿ ಹೊದಿಕೆ) ಒಡೆಯುವುದು ದೊಡ್ಡ ತಲೆನೋವು. ಐಐಟಿ ಬಾಂಬೆಯ ಪ್ರೊಫೆಸರ್ ಆರ್. ಕೆ. ಕಟ್ಟಿ ಹೇಳಿದ ದಾರಿ ಇದು: ಎರೆ ಮಣ್ಣಿಗೂ ಲೈನಿಂಗಿಗೂ ನಡುವೆ ಅಂಟು ಇರುವ, ಆದರೆ ಉಬ್ಬದ ಮಣ್ಣಿನ ಪದರ ಹಾಕಿ. ಸಿಎನ್ಎಸ್ (ಕೊಹೆಸಿವ್ ನಾನ್-ಸ್ವೆಲ್ಲಿಂಗ್) ಪದರ ಅಂತ ಅದರ ಹೆಸರು. ಉಬ್ಬು ಜೋರಿದ್ದ ಕಡೆ ಸುಮಾರು ಒಂದು ಮೀಟರ್ ದಪ್ಪ. ಈಗ ಮನೆ ನೆಲಕ್ಕೂ, ಪಾಯದ ಕೆಳಗೂ ಅದನ್ನೇ ಮಾಡುತ್ತೇವೆ. ನಮ್ಮಲ್ಲಿ ಒಳ್ಳೆಯ ಕೆಂಪು ಗರಸು ಇದಕ್ಕೆ ಆಗಿಬರುತ್ತದೆ.

ಮರಳು ಯಾಕೆ ಬೇಡ? ಬಹಳ ಮಂದಿ ಮರಳು ಹಾಸಿ ಕೈ ತೊಳೆದುಕೊಳ್ಳುತ್ತಾರೆ. ಮರಳಿಗೆ ಅಂಟು ಇಲ್ಲ, ನೀರನ್ನು ತಡೆಯುವುದೂ ಇಲ್ಲ. ಸುತ್ತಲಿನ ಮಳೆನೀರೆಲ್ಲ ಅದರೊಳಗೆ ಇಳಿದು, ಕೆಳಗಿನ ಎರೆ ಮಣ್ಣಿಗೆ ನಿಧಾನವಾಗಿ ಉಣಿಸುತ್ತದೆ.

ಗರಸು ಹಾಕಿದರೆ ಸಾಲದು, ಹಾಕುವ ರೀತಿಯಲ್ಲಿದೆ ಎಲ್ಲ. ಟಿಪ್ಪರ್ ತಂದು ಮೂರಡಿ ಒಮ್ಮೆಲೆ ಸುರಿದು, ಮೇಲೆ ನೀರು ಬಿಟ್ಟು "ಕೂತ್ಕೊಳ್ತದೆ ಬಿಡ್ರಿ" ಅನ್ನುವುದು ರೂಢಿ. ಕೂರುವುದು ಮೇಲಿನ ಗೇಣು ಮಾತ್ರ. ಗೇಣಿಗಿಂತ ದಪ್ಪ ಪದರ ಬೇಡ. ಗರಸು ಮುಷ್ಟಿಯಲ್ಲಿ ಹಿಚುಕಿದರೆ ಉಂಡೆ ಕಟ್ಟಬೇಕು, ಕೈಗೆ ನೀರು ಹತ್ತಬಾರದು. ಆ ಹದದಲ್ಲಿ ದಮ್ಮಸ್ಸು ಹೊಡೆಸಿ ಮುಂದಿನ ಪದರಕ್ಕೆ ಹೋಗಿ. ಎರೆ ತೆಗೆದ ಗುಂಡಿಯನ್ನು ಮಳೆಗೆ ಬಾಯ್ತೆರೆದು ಬಿಡಬೇಡಿ.

ಗರಸು ದೂರ ಇದ್ದರೆ ಸುಣ್ಣ. ಮಣ್ಣಿನ ತೂಕದ ಶೇ. 3ರಿಂದ 8ರಷ್ಟು ಸುಣ್ಣ ಬೆರೆಸಿದರೆ ಅಂಟು ಇಳಿದು ಮಣ್ಣು ಪುಡಿಪುಡಿಯಾಗುತ್ತದೆ, ಉಬ್ಬೂ ತಗ್ಗುತ್ತದೆ. ಸರಿಯಾದ ಪ್ರಮಾಣ ಲ್ಯಾಬಿನಲ್ಲೇ ಗೊತ್ತಾಗಬೇಕು. ಕಷ್ಟ ಇರುವುದು ಬೆರೆಸುವುದರಲ್ಲಿ. ಒಣಗಿದ ಹೆಂಟೆಯೊಳಗೆ ಸುಣ್ಣ ಹೋಗುವುದಿಲ್ಲ, ಹಸಿ ಮಣ್ಣು ಸಲಿಕೆ ಬಿಡುವುದಿಲ್ಲ. ರಸ್ತೆ ಕೆಲಸಕ್ಕೆ ಟ್ರ್ಯಾಕ್ಟರಿನ ರೋಟಾವೇಟರ್ ಓಡಿಸಬಹುದು. ಮನೆಯ ಪಾಯದ ಸಂದಿಯಲ್ಲಿ ಅದು ಎಲ್ಲಿ ತಿರುಗಬೇಕು? ಅದಕ್ಕೇ ಚಿಕ್ಕ ಸೈಟಿಗೆ ನಾನು ಸುಣ್ಣ ಹೇಳುವುದು ಕಡಿಮೆ.

ಎರೆ ತುಂಬಾ ಆಳ ಇದ್ದರೆ ಅಂಡರ್‌ರೀಮ್ಡ್ ಪೈಲ್, ಅಂದರೆ ನೆಲದೊಳಗೆ ಇಳಿಸಿದ, ಬುಡದಲ್ಲಿ ಗಡ್ಡೆ ಇರುವ ಕಾಂಕ್ರೀಟ್ ಕಂಬ. ರೂರ್ಕಿಯ ಕೇಂದ್ರ ಕಟ್ಟಡ ಸಂಶೋಧನಾ ಸಂಸ್ಥೆ (ಸಿಬಿಆರ್‌ಐ) ರೂಪಿಸಿದ್ದು. ಮಣ್ಣು ಋತುಮಾನಕ್ಕೆ ಆಡುವುದು ಮೇಲಿನ ಸುಮಾರು 3.5 ಮೀಟರ್. ಅದನ್ನು ದಾಟಿ ಕೊರೆದು, ಬುಡದಲ್ಲಿ ಕಂಬದ ಎರಡೂವರೆ ಪಟ್ಟು ಅಗಲದ ಗಡ್ಡೆ ಮಾಡಿ ಕಾಂಕ್ರೀಟ್ ತುಂಬುತ್ತಾರೆ. ಪೈಲ್ ಮೇಲಿನ ಬೀಮಿನ ಕೆಳಗೆ 80 ಎಂಎಂ ಖಾಲಿ ಜಾಗ ಬಿಡಲೇಬೇಕು, ಮಣ್ಣು ಉಬ್ಬಿದರೆ ಬೀಮಿಗೆ ತಾಗಬಾರದಲ್ವಾ? ಆದರೆ ಇಂಜಿನಿಯರ್ ಆಚೆ ಹೋದ ಕೂಡಲೇ ಯಾರೋ ಒಬ್ಬರು "ಇಲಿ ಹೊಕ್ಕಾವು" ಅಂತ ಅದನ್ನು ಮಣ್ಣಿನಿಂದ ಗಟ್ಟಿಯಾಗಿ ಮುಚ್ಚುತ್ತಾರೆ. ಅಲ್ಲಿಗೆ ಪೈಲಿಗೆ ಹಾಕಿದ ದುಡ್ಡು ಅರ್ಧ ನೀರುಪಾಲು.

ಯೂಟ್ಯೂಬ್ ನೋಡಿ ಸ್ಟೋನ್ ಕಾಲಮ್ (ನೆಲ ಕೊರೆದು ಜಲ್ಲಿಕಲ್ಲು ತುಂಬಿದ ಕಂಬ) ಕೇಳುವವರೂ ಇದ್ದಾರೆ. ಅದು ಕರಾವಳಿಯ ಮೆತ್ತನೆಯ ಕೆಸರು ಜೇಡಿಗೆ ಒಳ್ಳೆಯದು. ಇಲ್ಲಿ ಕಲ್ಲಿನ ಸಂದಿಯಿಂದ ನೀರಿಗೆ ದಾರಿ ಮಾಡಿಕೊಟ್ಟಂತೆ ಆಗುತ್ತದೆ.

ಯಾವ ಮದ್ದು ಮಾಡಿದರೂ ಮನೆ ಸುತ್ತ ನಾಲ್ಕೈದು ಅಡಿ ಅಗಲ, ಹೊರಕ್ಕೆ ಇಳಿಜಾರಾಗಿ ಕಾಂಕ್ರೀಟ್ ಹಾಸು ಹಾಕಿಸಿ. ಮಳೆನೀರಿನ ಪೈಪು ಅದರ ಆಚೆ ಬೀಳಲಿ. ಮರ ದೂರ ಇರಲಿ, ಅದು ಬೇಸಿಗೆಯಲ್ಲಿ ಒಂದೇ ಕಡೆ ತೇವ ಹೀರುತ್ತದೆ.

ಈಗಾಗಲೇ ಬಿರುಕು ಬಿಟ್ಟಿದೆ ಅನ್ನುವವರು ಬೇಸಿಗೆಯಲ್ಲಿ ಪುಟ್ಟಿ ತುಂಬಿ ಬಣ್ಣ ಹೊಡೆಸಬೇಡಿ. ಬಿರುಕಿನ ಎರಡೂ ತುದಿಗೆ ಪೆನ್ಸಿಲ್ ಗೆರೆ ಎಳೆದು, ತಾರೀಖು ಬರೆದು, ಒಂದು ಮಳೆಗಾಲ ದಾಟಿಸಿ. ಮಳೆಗೆ ಮುಚ್ಚಿ ಬೇಸಿಗೆಗೆ ತೆರೆದರೆ, ಅಥವಾ ಇದರ ಉಲ್ಟಾ ಆದರೆ, ಮಣ್ಣಿನ ಆಟ. ವರ್ಷಪೂರ್ತಿ ಒಂದೇ ಸಮ ಅಗಲವಾಗುತ್ತಿದ್ದರೆ ಮೊದಲು ನೀರಿನ ಪೈಪು ಅಗೆಸಿ ನೋಡಿ, ಆಮೇಲೆ ನಮ್ಮಂಥವರನ್ನು ಕರೆಸಿ.