ಲಿಕ್ಟೆನ್‌ಸ್ಟೈನ್ ನಿಜಕ್ಕೂ ಬೇರೆ ದೇಶವೇ?

ಸ್ವಿಟ್ಜರ್ಲೆಂಡ್ ನೋಡಲು ಬರುವ ನಮ್ಮವರು ಒಂದು ಮಧ್ಯಾಹ್ನ ರೈನ್ ನದಿ ದಾಟಿ ಲಿಕ್ಟೆನ್‌ಸ್ಟೈನಿನ ರಾಜಧಾನಿ ವಾಡುಜ್‌ಗೂ ಹೋಗಿಬರುತ್ತಾರೆ. ಬಂದವರೆಲ್ಲ ಕೇಳುವುದು ಒಂದೇ: "ಅಲ್ಲಾ, ಗಡಿಯಲ್ಲಿ ಯಾರೂ ತಡೀಲಿಲ್ಲ, ಅಂಗಡಿಯಲ್ಲಿ ಸ್ವಿಸ್ ಫ್ರಾಂಕೇ ತಗೊಂಡ್ರು. ಅದು ಬೇರೆ ದೇಶ ಹೇಗಾಗತ್ತೆ?"

ಬೇರೆ ದೇಶವೇ. 1990ರಿಂದ ವಿಶ್ವಸಂಸ್ಥೆಯ ಸದಸ್ಯ ಕೂಡ. ಆದರೆ ಕೇಳುವವರದ್ದೇನೂ ತಪ್ಪಿಲ್ಲ. ಇಡೀ ದೇಶದ ವಿಸ್ತೀರ್ಣ 160 ಚದರ ಕಿಲೋಮೀಟರ್, ಜನಸಂಖ್ಯೆ 40 ಸಾವಿರದ ಆಸುಪಾಸು. ವಿಮಾನ ನಿಲ್ದಾಣವಿಲ್ಲ. ಇರುವ ಒಂದು ರೈಲು ಹಳಿಯನ್ನು ನಡೆಸುವುದು ಆಸ್ಟ್ರಿಯಾದವರು. ಖರ್ಚು ಜಾಸ್ತಿ ಎಂದು ಸೈನ್ಯವನ್ನು 1868ರಲ್ಲೇ ವಿಸರ್ಜಿಸಿಬಿಟ್ಟರು. ಹೆರಿಗೆಗೂ ಹೆಚ್ಚಿನವರು ನದಿಯಾಚೆ, ಸ್ವಿಸ್ ಊರು ಗ್ರಾಬ್ಸ್‌ನ ಆಸ್ಪತ್ರೆಗೆ ಹೋಗುತ್ತಾರೆ.

ದೇಶ ಹುಟ್ಟಿದ ಕಥೆ ಇನ್ನೂ ಸೊಗಸು. ಲಿಕ್ಟೆನ್‌ಸ್ಟೈನ್ ಎನ್ನುವುದು ಮೊದಲಿಗೆ ಈ ನೆಲದ ಹೆಸರೇ ಅಲ್ಲ, ಒಂದು ಶ್ರೀಮಂತ ಮನೆತನದ ಹೆಸರು. ವಿಯೆನ್ನಾ ಬಳಿಯ ಅವರ ಕೋಟೆಯಿಂದ ಬಂದದ್ದು. ಅವರಿಗೆ ಜಮೀನು ಬೇಕಾದಷ್ಟಿತ್ತು, ಆದರೆ ಅದೆಲ್ಲ ಬೇರೆ ದೊರೆಗಳ ಅಧೀನದಲ್ಲಿತ್ತು. ನೇರವಾಗಿ ಚಕ್ರವರ್ತಿಯ ಕೆಳಗೆ ಬರುವ ನೆಲವಿದ್ದರೆ ಮಾತ್ರ ಪವಿತ್ರ ರೋಮನ್ ಸಾಮ್ರಾಜ್ಯದ (ಆಗಿನ ಜರ್ಮನ್ ನಾಡುಗಳ ಒಕ್ಕೂಟ) ರಾಜಸಭೆಯಲ್ಲಿ ಸ್ಥಾನ. ಅದಕ್ಕಾಗಿಯೇ ಇಲ್ಲಿನ ಎರಡು ಸೀಮೆಗಳನ್ನು, 1699ರಲ್ಲಿ ಶೆಲೆನ್‌ಬರ್ಗ್, 1712ರಲ್ಲಿ ವಾಡುಜ್, ಕೊಂಡರು. 1719ರಲ್ಲಿ ಚಕ್ರವರ್ತಿ ಆರನೇ ಚಾರ್ಲ್ಸ್ ಎರಡನ್ನೂ ಒಂದುಗೂಡಿಸಿ, ಸಂಸ್ಥಾನವೆಂದು ಮಾನ್ಯ ಮಾಡಿ, ಮನೆತನದ ಹೆಸರನ್ನೇ ಇಟ್ಟ. ತಮಾಷೆಯೆಂದರೆ ಆ ಮೇಲೂ ದೊರೆಗಳು ಅಲ್ಲಿ ಬಂದು ಇರಲಿಲ್ಲ. ವಾಡುಜ್ ಕೋಟೆಯಲ್ಲಿ ಬಿಡಾರ ಹೂಡಿದ ಮೊದಲ ದೊರೆ ಎರಡನೇ ಫ್ರಾಂಜ್ ಜೋಸೆಫ್, ಅದೂ 1938ರಲ್ಲಿ!

ಸ್ವಿಸ್ ನಂಟು ತೀರಾ ಹಳೆಯದಲ್ಲ. 1852ರಿಂದ ಸುಂಕದ ಒಪ್ಪಂದ ಇದ್ದದ್ದು ಆಸ್ಟ್ರಿಯಾ ಜೊತೆ. ಮೊದಲ ಮಹಾಯುದ್ಧದಲ್ಲಿ ಆ ಸಾಮ್ರಾಜ್ಯವೇ ಕುಸಿಯಿತು, ಅದರ ಹಣಕ್ಕೆ ಬೆಲೆ ಉಳಿಯಲಿಲ್ಲ. ಲಿಕ್ಟೆನ್‌ಸ್ಟೈನ್ 1919ರಲ್ಲಿ ಒಪ್ಪಂದ ಮುರಿದು, 1923ರಲ್ಲಿ ಸ್ವಿಟ್ಜರ್ಲೆಂಡಿನ ಜೊತೆ ಹೊಸದು ಮಾಡಿಕೊಂಡಿತು. ನಿಮಗೆ ಗಡಿ ಕಾಣದಿರುವುದಕ್ಕೂ ಫ್ರಾಂಕ್ ನಡೆಯುವುದಕ್ಕೂ ಮೂಲ ಅಲ್ಲಿದೆ.

ಹಾಗಾದರೆ ಸ್ವಂತದ್ದೇನು? ಯಾರ ಜೊತೆ ಎಷ್ಟು ಸೇರಬೇಕೆಂಬ ತೀರ್ಮಾನ ಸ್ವಂತದ್ದು. 1992ರ ಡಿಸೆಂಬರಿನಲ್ಲಿ ಯುರೋಪಿಯನ್ ಆರ್ಥಿಕ ವಲಯ (ಯುರೋಪಿಯನ್ ಒಕ್ಕೂಟದ ಮಾರುಕಟ್ಟೆಯಲ್ಲಿ ಹೊರಗಿನ ಕೆಲವು ದೇಶಗಳೂ ಪಾಲುಗೊಳ್ಳುವ ಏರ್ಪಾಡು) ಸೇರುವ ಬಗ್ಗೆ ಸ್ವಿಸ್ ಮತದಾರರು ಬೇಡ ಎಂದರು. ಒಂದೇ ವಾರದ ನಂತರ ಲಿಕ್ಟೆನ್‌ಸ್ಟೈನಿನವರು ಬೇಕು ಎಂದರು. ಸ್ವಿಸ್ ಜೊತೆಗಿನ ಸುಂಕದ ಒಪ್ಪಂದವನ್ನು ತಿದ್ದಿಸಿಕೊಂಡು 1995ರಲ್ಲಿ ಸೇರಿಯೂಬಿಟ್ಟರು. ಸ್ವಿಟ್ಜರ್ಲೆಂಡ್ ಇವತ್ತಿಗೂ ಹೊರಗೇ ಇದೆ. ಬೇರೆ ದೇಶ ಎನ್ನುವುದಕ್ಕೆ ನನಗೆ ಇದಕ್ಕಿಂತ ಒಳ್ಳೆಯ ಸಾಕ್ಷಿ ಸಿಕ್ಕಿಲ್ಲ.

ಎಲ್ಲ ತೀರ್ಮಾನವೂ ಮೆಚ್ಚುವಂಥದ್ದಲ್ಲ. ಹೆಂಗಸರಿಗೆ ಮತದಾನದ ಹಕ್ಕು ಕೊಡುವುದೋ ಬೇಡವೋ ಎಂದು ಗಂಡಸರು ಮತ ಹಾಕಿ, 1971ರಲ್ಲಿ ಬೇಡ, 1973ರಲ್ಲೂ ಬೇಡ ಎಂದು, ಕೊನೆಗೆ 1984ರಲ್ಲಿ ಅಲ್ಪ ಬಹುಮತದಿಂದ ಒಪ್ಪಿದರು. ಜನ ಮತ ಹಾಕಿ ಒಪ್ಪಿದ ಕಾನೂನನ್ನೂ ತಡೆಹಿಡಿಯುವ ಅಧಿಕಾರ ದೊರೆಗಿದೆ. ಅದನ್ನು ಕಿತ್ತುಕೊಳ್ಳೋಣವೇ ಎಂದು 2012ರಲ್ಲಿ ಕೇಳಿದರೆ, ಮತ ಹಾಕಿದವರಲ್ಲಿ ನಾಲ್ಕರಲ್ಲಿ ಮೂರು ಪಾಲಿನಷ್ಟು ಮಂದಿ ಇರಲಿ ಬಿಡಿ ಎಂದರು! ನನಗಂತೂ ಇದು ಅರಗುವುದಿಲ್ಲ.

ಕೊನೆಗೆ ಎಲ್ಲರೂ ವೀಸಾ ವಿಷಯ ಎತ್ತುತ್ತಾರೆ. ಬೇರೆ ವೀಸಾ ಬೇಡ. 2011ರಿಂದ ಲಿಕ್ಟೆನ್‌ಸ್ಟೈನ್ ಕೂಡ, ಸ್ವಿಟ್ಜರ್ಲೆಂಡಿನಂತೆ, ಒಂದೇ ವೀಸಾದಲ್ಲಿ ಸುತ್ತಬಹುದಾದ ಯುರೋಪಿನ ದೇಶಗಳ ಷೆಂಗೆನ್ ವಲಯದಲ್ಲಿದೆ. ಪಾಸ್‌ಪೋರ್ಟಿಗೆ ಮುದ್ರೆ ಬೇಕೇಬೇಕು ಎನ್ನುವವರಿಗೆ ವಾಡುಜ್‌ನ ಪ್ರವಾಸಿ ಕಚೇರಿಯಲ್ಲಿ ದುಡ್ಡು ಕೊಟ್ಟರೆ ಒತ್ತಿಕೊಡುತ್ತಾರೆ. ಅದು ಬರೀ ನೆನಪಿಗೆ. ಪಾಸ್‌ಪೋರ್ಟೇ ಕಳೆದುಕೊಂಡರೆ ಮಾತ್ರ ಸ್ವಿಸ್ ರಾಜಧಾನಿ ಬರ್ನ್‌ಗೆ ಹೋಗಬೇಕು. ಲಿಕ್ಟೆನ್‌ಸ್ಟೈನಿಗೂ ನಮ್ಮ ರಾಯಭಾರ ಕಚೇರಿ ಅಲ್ಲಿನದೇ.