"ಇರೋದೆಲ್ಲಾ ಹಾಕ್ಬಿಡಿ" ಅಂದರೆ ನಾನು ಹಾಕುವುದಿಲ್ಲ

ಹಳೇ ಗೇಮ್ ಕನ್ಸೋಲ್ ರಿಪೇರಿ ನನ್ನ ಕೆಲಸ. ನಿಂಟೆಂಡೋ ವೀ 2006ರದ್ದು, ಈಗಲೂ ಬೆಂಚಿಗೆ ಬರುತ್ತಲೇ ಇರುತ್ತದೆ. ತಂದವರ ಮಾತೂ ಹೆಚ್ಚುಕಮ್ಮಿ ಒಂದೇ: "ಡಿಸ್ಕ್ ಓದ್ತಿಲ್ಲ ಅಣ್ಣಾ, ಯುಎಸ್‌ಬಿಯಿಂದ ಆಡೋ ಹಾಗೆ ಮಾಡ್ಕೊಡಿ, ಇರೋದೆಲ್ಲಾ ಹಾಕ್ಬಿಡಿ."

ಅಲ್ಲೇ ಇರುವುದು ತೊಂದರೆ. ವೀಯಲ್ಲಿ ಐಓಎಸ್ ಅಂತ ಒಳಗಿನ ಸಿಸ್ಟಮ್ ಸಾಫ್ಟ್‌ವೇರ್ ಇದೆ, ಐಫೋನಿನದಲ್ಲ. ಡಿಸ್ಕ್, ಯುಎಸ್‌ಬಿ, ವೈಫೈ ನೋಡಿಕೊಳ್ಳುವುದು ಅದೇ. ಹೊಸ ನಂಬರಿನದು ಬಂದರೂ ಹಳೇದು ಜಾಗ ಬಿಡುವುದಿಲ್ಲ, ಒಂದೊಂದಕ್ಕೂ ಒಂದೊಂದು ಸ್ಲಾಟ್, ಪ್ರತಿ ಗೇಮೂ ತನಗೆ ಬೇಕಾದ ನಂಬರನ್ನೇ ಕೇಳುತ್ತದೆ. ಆನ್ ಮಾಡಿದಾಗ ಬರುವ ಸಿಸ್ಟಮ್ ಮೆನು 4.3 ಆವೃತ್ತಿಯದಾದರೆ ಅದಕ್ಕೆ ಬೇಕಿರುವುದು ಐಓಎಸ್ 80. ಅದನ್ನು ಕೆಡಿಸಿದರೆ ಮೆನುವೇ ಬರುವುದಿಲ್ಲ.

ಯುಎಸ್‌ಬಿಯಿಂದ ಗೇಮ್ ಆಡಿಸುವ ಯುಎಸ್‌ಬಿ ಲೋಡರ್‌ಗೆ ಬೇಕಿರುವುದು ತಿದ್ದಿದ ಐಓಎಸ್, ಅಂದರೆ ಸಿಐಓಎಸ್. ಗೇಮ್ ಡಿಸ್ಕ್ ಕೇಳಿದಾಗ ಇದು ಹಾರ್ಡ್ ಡಿಸ್ಕಿನಿಂದ ಓದಿ ಕೊಡುತ್ತದೆ. ಐಓಎಸ್ 56 ಮತ್ತು 57ನ್ನು ಬೇಸ್, ಅಂದರೆ ತಳಪಾಯವಾಗಿ ಇಟ್ಟು, ಡಿ2ಎಕ್ಸ್ ಅನ್ನುವ ಸಿಐಓಎಸ್ ಅನ್ನು 249, 250ನೇ ಸ್ಲಾಟ್‌ಗಳಲ್ಲಿ ಹಾಕಿದರೆ ಬಹುತೇಕ ಗೇಮ್‌ಗಳಿಗೆ ಸಾಕು. ಹಾಕುವಾಗ ರಿವಿಷನ್ (ಆವೃತ್ತಿ ನಂಬರು) 65535 ಅಂತ ತೋರಿಸುತ್ತದಲ್ವಾ, ಅದನ್ನು ಮುಟ್ಟಬೇಡಿ. ನಿಂಟೆಂಡೋದ 4.2 ಅಪ್‌ಡೇಟ್ ಇದೇ ಸ್ಲಾಟ್‌ಗಳಿಗೆ ಕೆಲಸಕ್ಕೆ ಬಾರದ ಖಾಲಿ ಐಓಎಸ್ ತುಂಬಿತ್ತು. ರಿವಿಷನ್ ಅಷ್ಟು ದೊಡ್ಡದಿದ್ದರೆ ಅಪ್‌ಡೇಟ್ ಅದರ ಮೇಲೆ ಬರೆಯಲಾರದು.

ಒಬ್ಬರು ಬೇರೆ ಕಡೆ ಮಾಡಿಸಿದ ವೀ ತಂದರು. ಲೋಡರ್ ಕಪ್ಪು ಸ್ಕ್ರೀನಿಗೆ ನಿಲ್ಲುತ್ತಿತ್ತು. ಯಾವ ಸ್ಲಾಟಿನಲ್ಲಿ ಏನಿದೆ ಅಂತ ತೋರಿಸುವ ಸಿಸ್‌ಚೆಕ್ ಓಡಿಸಿದರೆ 202, 222, 223, 224 ಎಲ್ಲ ತುಂಬಿದ್ದವು, ಬೇಕಾದ 249 ಮಾತ್ರ ಹಳೇ ಕಾಲದ್ದು. ನಾನು 249, 250 ಎರಡನ್ನೇ ಹೊಸದಾಗಿ ಹಾಕಿದೆ, ಉಳಿದದ್ದನ್ನು ಅಳಿಸಲಿಲ್ಲ. ತೊಂದರೆ ಕೊಡದ್ದನ್ನು ಸುಮ್ನೆ ಯಾಕೆ ಕೆದಕಬೇಕು?

ಇದಕ್ಕೆಲ್ಲ ಮೊದಲು ಬೂಟ್‌ಮೀ ಬ್ಯಾಕಪ್, ಅಂದರೆ ಬೂಟ್‌ಮೀ ಅನ್ನುವ ಟೂಲಿನಿಂದ ವೀಯ ಒಳಗಿನ ಮೆಮೊರಿಯ ನಕಲು. ಅಲ್ಲಿ ವೀ ರಿಮೋಟ್ ನಡೆಯುವುದಿಲ್ಲ, ಪವರ್ ಬಟನ್ ಒತ್ತಿ ಮುಂದೆ ಹೋಗಿ ರೀಸೆಟ್ ಒತ್ತಿ ಆರಿಸಬೇಕು. ಆ ಮೆಮೊರಿಯೇ ನ್ಯಾಂಡ್: 512 ಎಂಬಿ, 4096 ಬ್ಲಾಕ್, ಒಂದೊಂದಾಗಿ ಓದುತ್ತಾ ಹೋಗುತ್ತದೆ. ಅಲ್ಲಲ್ಲಿ ಬ್ಯಾಡ್ ಬ್ಲಾಕ್ ಕಂಡರೆ ಗಾಬರಿ ಬೇಡ, ಫ್ಯಾಕ್ಟರಿಯಿಂದಲೇ ಕೆಲವು ಇರುತ್ತವೆ. ಹಳೇ ಬೋರ್ಡ್‌ಗಳಲ್ಲಿ ಬೂಟ್‌ಮೀ, ಮೆನುವಿಗಿಂತ ಮೊದಲೇ ಓಡುವ ಬೂಟ್2ರಲ್ಲೇ ಕೂರುತ್ತದೆ, ಮೆನು ಸತ್ತರೂ ಒಳಗೆ ಹೋಗಬಹುದು. ಆಮೇಲಿನವುಗಳಲ್ಲಿ ಐಓಎಸ್ ಆಗಿ ಮಾತ್ರ ಕೂರುತ್ತದೆ, ಮೆನು ಹೋದರೆ ಬ್ಯಾಕಪ್ ಕೈಯಲ್ಲಿದ್ದರೂ ಸುಲಭದ ದಾರಿ ಇಲ್ಲ. ಅಂಥ ಬೋರ್ಡ್ ಬಂದ ದಿನ ನನ್ನ ಕೈ ಸ್ವಲ್ಪ ನಿಧಾನ.

ವೀ ನಂತರದ ಕನ್ಸೋಲ್ ವೀ ಯು ತಂದವರಿಗೆ ಮೊದಲೇ ಹೇಳಿಬಿಡುತ್ತೇನೆ: ಒಳಗೆ ವೀ ಮೋಡ್ ಇದ್ದರೂ ಅದರ ಡಿ2ಎಕ್ಸ್ ಇನ್‌ಸ್ಟಾಲರ್ ಬೇರೆ, ವೀಯ ಸಿಸ್ಟಮ್ ಫೈಲು ಅಲ್ಲಿಗೆ ಹಾಕಬಾರದು.